ನನಗೇ ಕಾಣದ ನನ್ನ ದೂರು

ಮೂಡುಬಿದಿರೆಯ ನಮ್ಮ ಆಫೀಸಿನಲ್ಲಿ ಯಾವ ದೂರಿದ್ದರೂ ಕಂಪ್ಯೂಟರಿನಲ್ಲಿ ಟಿಕೆಟ್ ಹಾಕಬೇಕು. ಅದು ಎಲ್ಲರಿಗೂ ಕಾಣುತ್ತದೆ. ಹೊಸದಾಗಿ ಸೇರಿದ ರೇಷ್ಮಾಳನ್ನು ಮ್ಯಾನೇಜರು ಎಲ್ಲರೆದುರು ಬೈದು ಅಳಿಸಿದ ದಿನ ನಾನೊಂದು ಟಿಕೆಟ್ ಹಾಕಿದೆ. ಹಾಕಿದ ಮೇಲೆ ಹೆದರಿಕೆಯಾಯಿತು. ಕಂಪ್ಯೂಟರ್ ನೋಡಿಕೊಳ್ಳುವ ಹರೀಶನ ಬಳಿ ಓಡಿದೆ.

"ಇದು ಎಲ್ಲರಿಗೂ ಕಾಣದ ಹಾಗೆ ಮಾಡ್ಲಿಕ್ಕೆ ಉಂಟಾ?"

"ಉಂಟಲ್ಲ ಅಕ್ಕ! ಗೋಪ್ಯ ಅಂತ ಹಾಕಿದ್ರೆ ಸಂಬಂಧಪಟ್ಟವರಿಗೆ ಮಾತ್ರ ಕಾಣ್ತದೆ."

ಅವನು ಹಾಕಿದ. ಟಿಕೆಟ್ ನನ್ನ ಪರದೆಯಿಂದಲೇ ಮಾಯ!

"ಬರೆದದ್ದು ನಾನಲ್ವಾ ಮಾರಾಯ?"

"ಬರೆದವರಿಗೆ ನೋಡುವ ಅನುಮತಿ ಇಲ್ಲ. ನನಗೂ ಇಲ್ಲ."

"ಮತ್ತೆ ಯಾರಿಗುಂಟು?"

ಹರೀಶ ತಲೆ ಕೆರೆದುಕೊಂಡ. "ಮ್ಯಾನೇಜರಿಗೆ ಮಾತ್ರ."

ಸಂಜೆಯೇ ಉತ್ತರ ಬಂತು. ದೂರನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿದ್ದಾರಂತೆ, ಯಾರದೂ ತಪ್ಪಿಲ್ಲವಂತೆ. ಸಹಿ ಮ್ಯಾನೇಜರದ್ದೇ. ಅಷ್ಟು ಚುರುಕಿನ ವಿಚಾರಣೆ ನಾನು ಬೇರೆಲ್ಲೂ ಕಂಡಿಲ್ಲ.

ನಾನು ಬೆಳ್ತಂಗಡಿಯಲ್ಲಿರುವ ಮಾಲೀಕರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮರುದಿನ ಮ್ಯಾನೇಜರು ರೇಷ್ಮಾಳನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಕ್ಷಮೆ ಕೇಳಿದರು. ಯಾರಿಗೂ ಹೇಳಬಾರದೆಂದೂ ಕೇಳಿಕೊಂಡರಂತೆ.

ಬೈಯುವಾಗ ಮಾತ್ರ ನೋಡುವ ಅನುಮತಿ ಇಡೀ ಆಫೀಸಿಗೆ ಇತ್ತು.