ನಮ್ಮ ಮನೆಯ ಪಾಳಿ

ರಾಯಚೂರಿನ ಹೊರಗೆ ನಿಮ್ಮ ಅಜ್ಜ ಮನೆ ಕಟ್ಟಿಸಿದ ಕಾಲೊನಿಗೆ ಕಾಗದದ ಮೇಲೆ ಒಂದು ಉದ್ದನೆಯ ಹೆಸರಿತ್ತು. ಆ ಹೆಸರು ಹೇಳಿದರೆ ಸ್ಟೇಷನ್ನಿನ ಟಾಂಗಾದವನಿಗೆ ತಿಳಿಯುತ್ತಿರಲಿಲ್ಲ. "ಪೆನ್ಶನ್ ಓಣಿ ಏನ್ರಿ? ಹಂಗನ್ರಿ ಮತ್ತ, ಕುಂದರ್ರಿ" ಎನ್ನುತ್ತಿದ್ದ. ಹೆಸರಿಗೆ ತಕ್ಕ ಓಣಿಯೇ ಅದು. ನಲವತ್ತು ಮನೆ. ನಿವೃತ್ತರಾದ ಮಾಸ್ತರರು, ಗುಮಾಸ್ತರು, ಕಾಂಪೌಂಡರು, ಪೋಸ್ಟಮನ್ನರು. ಬೆಳಿಗ್ಗೆ ಎದ್ದರೆ ಎಲ್ಲ ಕಟ್ಟೆಗಳ ಮೇಲೂ ಮೊಣಕಾಲಿಗೆ ಎಣ್ಣೆ ತಿಕ್ಕುವವರೇ.

ನಿಮ್ಮ ಅಜ್ಜ ಮಾನ್ವಿ, ದೇವದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷ ಸಾಲಿ ಕಲಿಸಿದರು. ಅಷ್ಟೂ ವರ್ಷ ನಾವಿದ್ದದ್ದು ಬಾಡಿಗೆ ಮನೆಗಳಲ್ಲಿ. ಮಾಳಿಗೆ ಸೋರಿದರೆ ಕೆಳಗೆ ಕೊಡ ಇಟ್ಟು, ಮನೆಯ ಮಾಲೀಕರಿಗೆ ಹೇಳಿ ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ಸ್ವಂತ ಮನೆಗೆ ಬಂದ ಎರಡನೇ ವರ್ಷಕ್ಕೆ ಅವರು ತೀರಿಕೊಂಡರು. ಆಗ ಎಂಬತ್ತರ ದಶಕ ಶುರುವಾಗಿತ್ತು. ಇನ್ನು ಮಾಳಿಗೆ ಸೋರಿದರೆ ಯಾರಿಗೆ ಹೇಳಿ ಕಳಿಸುವುದು? ನನಗೇ.

ಓಣಿಯಲ್ಲಿ ಒಂದು ಪದ್ಧತಿಯಿತ್ತು. ನೀರಿನ ಟಾಕಿಯ ಕೀಲಿಕೈ ಒಂದೊಂದು ವಾರ ಒಂದೊಂದು ಮನೆಯಲ್ಲಿರುತ್ತಿತ್ತು. ಅದಕ್ಕೆ ಪಾಳಿ ಎನ್ನುತ್ತಿದ್ದರು. ಪಾಳಿಯ ಮನೆಯವರು ಬೆಳಿಗ್ಗೆ ವಾಲ್ ತಿರುವಿ ನೀರು ಬಿಡಬೇಕು, ಓಣಿಯನ್ನೊಂದು ಸುತ್ತು ಹಾಕಿ ನೋಡಬೇಕು, ಟಾಕಿಯ ಗೋಡೆಗೆ ಬಳಿದ ಕರಿಹಲಗೆಯ ಮೇಲೆ ಎಲ್ಲರಿಗೂ ತಿಳಿಸಬೇಕಾದದ್ದನ್ನು ಬರೆಯಬೇಕು. ಪಾಳಿ ಮಾಡುವ ಮನೆಗೆ ಮಾತ್ರ ಓಣಿಯ ಸಭೆಯಲ್ಲಿ ಮಾತು.

ನಿಮ್ಮ ಅಜ್ಜ ಹೋದ ಮೇಲೆ ಹೊಸ ಪಾಳಿಯ ಪಟ್ಟಿ ಅಂಟಿಸಿದರು. ಅದರಲ್ಲಿ ಹನ್ನೊಂದರ ಕೆಳಗೆ ಹದಿಮೂರು ಇತ್ತು. ನಮ್ಮದು ಹನ್ನೆರಡನೆಯ ಮನೆ.

ಓಣಿಯ ಕಾರ್ಯದರ್ಶಿ ತಹಸೀಲ್ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಕೆಟ್ಟವರಲ್ಲ. "ನಿಮಗ್ಯಾಕ ತ್ರಾಸು ಅಂತ ಬಿಟ್ಟೀವ್ರಿ, ಮಾಸ್ತರಮ್ಮ" ಎಂದರು. ನಾನು ಸೆರಗು ಸರಿಮಾಡಿಕೊಂಡು ಹೂಂ ಎಂದೆ. ಗಂಡಸರೆದುರು ನಾನು ಅದಕ್ಕಿಂತ ದೊಡ್ಡ ಮಾತು ಆಡಿದವಳಲ್ಲ. ಒಂದು ವರ್ಷ ಅದನ್ನು ಉಪಕಾರವೆಂದೇ ತಿಳಿದೆ.

ಉಪಕಾರದ ಬೆಲೆ ಮುಂದಿನ ಬೇಸಿಗೆಯಲ್ಲಿ ಗೊತ್ತಾಯಿತು. ಓಣಿಯ ನೀರು ಹೋಗಲು ಹೊಸ ಗಟಾರ ತೋಡಬೇಕೆಂದು ಮಾತು ನಡೆದಿತ್ತು. ಮೂಡಲ ಕಡೆಯವರು ತಮ್ಮ ಮನೆ ಮುಂದೆ ಬೇಡ ಎಂದರು, ಪಡುವಲ ಕಡೆಯವರು ತಮ್ಮ ಕಡೆ ಬೇಡ ಎಂದರು. ಬೇಡ ಎನ್ನಲು ಯಾರೂ ಇಲ್ಲದ್ದು ಹನ್ನೆರಡನೆಯ ಮನೆಯ ಬದಿ. ನನ್ನ ಅಡುಗೆಮನೆಯ ಗೋಡೆಗೆ ತಾಗಿ ಗಟಾರ ಹೋಗುವುದೆಂದು ಮಾತಾಯಿತು. ಮೃಗಶಿರ ಮಳೆ ಕೂಡುವ ಹೊತ್ತಿಗೆ ಇನ್ನೊಂದು ಸಭೆ, ಅದರಲ್ಲಿ ಸಹಿಯಾದರೆ ಮುಗಿಯಿತು. ಎರೆ ನೆಲದ ಮೇಲೆ ನಿಂತ ಗೋಡೆ ಅದು. ಬುಡ ವರ್ಷವೆಲ್ಲ ನೀರು ಕುಡಿದರೆ ಎಷ್ಟು ದಿನ ನಿಂತೀತು?

ಸಭೆಯ ನೋಟೀಸು ಬಂದಾಗ ಎದುರು ಮನೆಯ ನರ್ಸಮ್ಮನ ಮುಂದೆ ಹಿಡಿದೆ. ಆಕೆ ದೇವದುರ್ಗದ ಆಸ್ಪತ್ರೆಯಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಓಣಿಯಲ್ಲಿ ಪಾಳಿ ಮಾಡುವ ಒಬ್ಬಳೇ ಹೆಂಗಸು.

"ಇದರಾಗ ಮನಿ ಯಜಮಾನ್ರು ಮಾತ್ರ ಬರತಕ್ಕದ್ದು ಅಂತ ಅದ. ನಮ್ಮ ಯಜಮಾನ್ರು ಹೋಗಿ ವರ್ಷದ ಮ್ಯಾಲಾತು. ನಾ ಹ್ಯಾಂಗ ಹೋಗಲಿ ಯಕ್ಕಾ?" ಎಂದೆ.

ನರ್ಸಮ್ಮ ನೋಟೀಸು ನೋಡಿದಳು, ನನ್ನ ಮುಖ ನೋಡಿದಳು. "ನನಗ ಲಗ್ನಾನ ಆಗಿಲ್ಲ. ಹಂಗಾರ ನಮ್ಮ ಮನಿ ಯಜಮಾನ್ರು ಯಾರಬೇ? ಆ ಬೆಕ್ಕೇನು?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಆಕೆ, "ಯಜಮಾನ್ರು ಅಂದ್ರ ಗಂಡ ಅಲ್ಲ ತಂಗಿ. ಮನಿ ಯಾರದೋ ಅವರು. ಪಟ್ಟಾ ಯಾರ ಹೆಸರಿಗಿ ಅದ?" ಎಂದಳು.

"ನನ್ನ ಹೆಸರಿಗಿ."

"ಮತ್ತ ಇನ್ನೇನು. ಸಭಾಕ್ಕ ಹೋಗಬೇಕಂದ್ರ ಮೊದಲ ಪಾಳಿ ಹಿಡಿ. ಬರೂ ಆಯ್ತವಾರ ಹನ್ನೊಂದನೇ ಮನಿ ಪಾಳಿ ಮುಗೀತದ."

ನಾನು ತವರೂರು ಬಾಗಲವಾಡದಲ್ಲಿ ಅಯ್ಯನೋರ ಸಾಲಿಯಲ್ಲಿ ಉಸುಕಿನ ಮೇಲೆ ಬರೆದು ಕಲಿತವಳು. ಅದೂ ಬಾಗಿಲ ಹೊರಗೆ ಕುಳಿತು, ನಾಲ್ಕೇ ವರ್ಷ. ಆದರೆ ಅಂಕಿಗಳನ್ನು ಗಟ್ಟಿಯಾಗಿ ಕಲಿಸಿದ್ದರು. ಆಯ್ತವಾರ ಬೆಳಿಗ್ಗೆ ಟಾಕಿಯ ಹತ್ತಿರ ಹನ್ನೊಂದನೇ ಮನೆಯ ಪೋಸ್ಟಮನ್ನರು ಹದಿಮೂರನೇ ಮನೆಯವರಿಗೆ ಕೀಲಿಕೈ ಕೊಡಲು ಕೈ ಚಾಚಿದ್ದರು. ನಡುವೆ ಹೋಗಿ ನನ್ನ ಅಂಗೈ ಒಡ್ಡಿದೆ. "ಹನ್ನೊಂದರ ನಂತರ ಹನ್ನೆರಡು ಬರ್ತದ್ರಿ" ಎಂದೆ. ದನಿ ನನಗೇ ಕೇಳಿಸಿತೋ ಇಲ್ಲವೋ. ಪೋಸ್ಟಮನ್ನರಿಗೆ ಮಾತ್ರ ಕೇಳಿಸಿತು. ಕೀಲಿಕೈ ನನ್ನ ಕೈಯಲ್ಲಿ ಬಿತ್ತು.

ಶಿರಸ್ತೇದಾರರು ಕನ್ನಡಕ ಮೇಲೇರಿಸಿದರು. "ವಾಲ್ ಬಿಗಿ ಅದರಿ. ತಿರುವಾಕ ಆದೀತೇನ್ರಿ ನಿಮಗ?"

ಹಿಂದಿನಿಂದ ನರ್ಸಮ್ಮ, "ನಲವತ್ತು ವರ್ಷ ಬೀಸೂಕಲ್ಲು ತಿರುವ್ಯಾಳ್ರಿ ಆಕಿ. ನಿಮ್ಮ ವಾಲೇನ್ ಮಹಾ" ಎಂದಳು.

"ಆತು, ಒಂದು ವಾರ ನೋಡೂಣು" ಎಂದರು ಶಿರಸ್ತೇದಾರರು. "ಏನಾರ ಹೆಚ್ಚುಕಮ್ಮಿ ಆತಂದ್ರ ಪಟ್ಟ್ಯಾಗ ನಿಮ್ಮ ಮನಿ ಹಾಕೂದಿಲ್ಲ ನೋಡ್ರಿ. ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ."

ವಾಲ್ ಬಿಗಿಯೇ ಇತ್ತು. ತಿರುಗಿತು. ಕಷ್ಟವಾದದ್ದು ಕರಿಹಲಗೆ. ಅದರ ಮೇಲೆ ಶಿರಸ್ತೇದಾರರ ಮುತ್ತಿನಂಥ ಅಕ್ಷರ ಇನ್ನೂ ಇತ್ತು: "ಮಳೆಗಾಲವು ಸಮೀಪಿಸುತ್ತಿರುವುದರಿಂದ ಸರ್ವ ನಿವಾಸಿಗಳು ತಮ್ಮ ತಮ್ಮ ಗೃಹಗಳ ಕುರಿತು ಸೂಕ್ತ ಮುಂಜಾಗ್ರತಾ ಕ್ರಮ ಜರುಗಿಸತಕ್ಕದ್ದು." ಮೂರು ಸಲ ಓದಿದೆ. ಹದಿನೈದು ದಿನದಿಂದ ಎಲ್ಲರೂ ಅದನ್ನು ಓದಿ, ತಲೆ ಆಡಿಸಿ, ಮನೆಗೆ ಹೋಗಿ ಮಲಗಿದ್ದರು. ತಪ್ಪು ಅವರದಲ್ಲ. ಕೈಯಿಂದ ಮಾಡುವಂಥದ್ದು ಒಂದೂ ಅದರಲ್ಲಿರಲಿಲ್ಲ.

ಮನೆಗೆ ಬಂದ ಸೊಸೆಗೆ ಯಾರೂ ಮುಂಜಾಗ್ರತೆ ಎಂದು ಹೇಳುವುದಿಲ್ಲ. ಇವತ್ತು ಇದನ್ನು ಮಾಡು ಎನ್ನುತ್ತಾರೆ. ನಾನು ಹಲಗೆ ಒರೆಸಿ, ಉಸುಕಿನ ಮೇಲೆ ಬರೆಯುತ್ತಿದ್ದಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ: "ಇವತ್ತು ಮಾಳಿಗಿ ಹತ್ತಿ ನೀರು ಹೋಗೂ ಕೊಳವಿಯೊಳಗ ಒಂದು ಕೊಡ ನೀರು ಹಾಕ್ರಿ. ಕೆಳಗ ಬಂದ್ರ ಚಲೋ. ಬರದಿದ್ರ ಕೋಲು ಹಾಕಿ ತಿವೀರಿ."

ಹಾಲಿಗೆ ಹೋಗುತ್ತಿದ್ದ ಇಬ್ಬರು ನಿಂತು ಓದಿದರು. "ಏನಪಾ ಇದು, ಹಲಗಿ ಮ್ಯಾಲ ಅಡಿಗಿಮನಿ ಮಾತು ಬಂದಾವ" ಎಂದು ಒಬ್ಬರು ನಕ್ಕರು. ಆದರೆ ನೀರಿಗೆ ಬಂದ ಹೆಂಗಸರು ಒಬ್ಬರಿಗೊಬ್ಬರು ಓದಿ ಹೇಳಿಕೊಂಡರು. ಸಂಜೆ ನೋಡಿದರೆ ಮಾಳಿಗೆಗಳ ಮೇಲೆ ಕೊಡ ಹಿಡಿದುಕೊಂಡವರು. ಏಣಿ ಹತ್ತಲಾಗದವರ ಮನೆಗಳಿಗೆ ಹತ್ತಬಲ್ಲವರು ಹೋಗುವುದೆಂದು ನರ್ಸಮ್ಮ ಏರ್ಪಾಡು ಮಾಡಿದಳು. ನಾನು ಆರು ಮಾಳಿಗೆ ಹತ್ತಿದೆ. ಹುಡುಗಿಯಾಗಿದ್ದಾಗ ಅವ್ವನ ಜೊತೆ ಊರವರ ಮಾಳಿಗೆಗಳಿಗೆ ನೀರು ಇಳಿಯಗೊಡದ ಸವಳು ಮಣ್ಣು ಹೊತ್ತು ಹಾಕಿ, ತುಳಿದು, ಕೂಲಿ ತಂದಿದ್ದೆ. ಆಗ ಏಣಿ ಇಳಿದ ಕೂಡಲೇ ಅಂಗಳದಿಂದಲೇ ಹೋಗಬೇಕಿತ್ತು. ಈಗ ಇಳಿದರೆ, "ಒಳಗ ಬರ್ರಿ ಮಾಸ್ತರಮ್ಮ, ಚಾ ಕುಡುದು ಹೋಗ್ರಿ" ಎನ್ನುತ್ತಿದ್ದರು. ಆರು ಚಹಾ ಕುಡಿದೆ.

ದಿನಕ್ಕೊಂದೇ ಕೆಲಸ ಬರೆದೆ. ಕಲ್ಲುಚಪ್ಪಡಿಗಳ ಸಂದಿನಲ್ಲಿ ಬಿರುಕು ಕಂಡಲ್ಲಿ ಸವಳು ಮಣ್ಣು ಕಲಸಿ ತುಂಬುವುದು. ಗೋಡೆಯ ಬುಡಕ್ಕೆ ಮಣ್ಣು ಏರಿಸಿ, ನೀರು ಮನೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡುವುದು. ನೀವು ಮುಂದೆ ಎಲ್ಲೇ ಮನೆ ಕಟ್ಟಿದರೂ ಇದನ್ನು ಮರೆಯಬೇಡಿ. ಮಾಳಿಗೆ ಸೋರಿದರೆ ತಲೆ ತೋಯುತ್ತದೆ, ಬುಡ ತೋಯ್ದರೆ ಮನೆಯೇ ಕೂರುತ್ತದೆ. ಒಲೆಯ ಕುಳ್ಳು, ಕಟ್ಟಿಗೆಗಳನ್ನು ನೆಲದಿಂದೆತ್ತಿ ಕಲ್ಲಿನ ಮೇಲೆ ಒಟ್ಟಬೇಕು. ಒಟ್ಟುವ ಮುಂಚೆ ಒಂದೊಂದನ್ನೂ ನೆಲಕ್ಕೆ ಕುಟ್ಟಬೇಕು, ಮೊದಲ ಮಳೆಗೆ ಚೇಳುಗಳು ಹುಡುಕುವುದೇ ಅಂಥ ಜಾಗ.

ಬುಧವಾರ ತಪ್ಪಾಯಿತು. "ಮಾಳಿಗಿ ಬೆಳಕಿಂಡಿ ಮ್ಯಾಲ ಕಲ್ಲು ಮುಚ್ರಿ" ಎಂದು ಬರೆದಿದ್ದೆ. ನಮ್ಮ ಕಡೆ ಬೆಳಕು ಬರುವುದೂ ಒಲೆಯ ಹೊಗೆ ಹೋಗುವುದೂ ಅದೇ ಕಿಂಡಿಯಿಂದ. ಕಾಂಪೌಂಡರು ಬೆಳಿಗ್ಗೆಯೇ ಹತ್ತಿ, ಬಿಗಿಯಾಗಿ ಮುಚ್ಚಿ ಇಳಿದರು. ಕೆಳಗೆ ಅವರ ಹೆಂಡತಿ ಆಗಷ್ಟೇ ಒಲೆ ಹೊತ್ತಿಸಿದ್ದರು. ಮನೆ ತುಂಬ ಹೊಗೆ. ಆ ತಾಯಿ ಕೆಮ್ಮುತ್ತಾ ಓಣಿಗೆ ಬಂದು, "ಯಾರವ್ವಾ ಅದು ಬರದಾಕಿ? ನನ್ನ ಬದನಿಕಾಯಿ ಸುಟ್ಟಂಗ ಸುಟ್ಟುಬಿಟ್ಟಿದ್ಲಲ್ಲ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು.

ಶಿರಸ್ತೇದಾರರು ಮನೆ ಮುಂದೆ ಬಂದು ನಿಂತರು. "ನಾ ಹೇಳಿರಲಿಲ್ಲೇನ್ರಿ? ಹೆಚ್ಚುಕಮ್ಮಿ ಅಂದ್ರ ಇದ ನೋಡ್ರಿ."

ಕೀಲಿಕೈ ಕೊಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆಗ ಅಡುಗೆಮನೆಯ ಗೋಡೆ ನೆನಪಾಯಿತು. ಸುಣ್ಣದಕಡ್ಡಿ ತೆಗೆದುಕೊಂಡು ಟಾಕಿಗೆ ಹೋಗಿ, ಬರೆದದ್ದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಅಡಿಗಿ ಆದ ಮ್ಯಾಲ ಮುಚ್ರಿ. ಮೊದಲ ಬರೀಲಿಲ್ಲ, ನಂದು ತಪ್ಪು." ಅದನ್ನು ಓದಿದ ಕಾಂಪೌಂಡರ ಹೆಂಡತಿಯೇ ಸಂಜೆ ನನಗೆ ಬದನೆಕಾಯಿ ಎಣ್ಣೆಗಾಯಿ ತಂದುಕೊಟ್ಟರು. "ಹತ್ತು ವರ್ಷದಾಗ ಈ ಹಲಗಿ ತಪ್ಪು ಒಪ್ಪಿದ್ದು ಇದ ಮೊದಲು" ಎಂದು ನಕ್ಕರು.

ಶನಿವಾರ ಮಧ್ಯಾಹ್ನ ಕೆಂಧೂಳು ಎದ್ದಿತು. ಅದರ ಬೆನ್ನಿಗೇ ಮಳೆ. ಹನಿ ಅಲ್ಲ, ಕೊಡ ಬೋರಲು ಹಾಕಿದಂಥ ಮಳೆ. ಎಲ್ಲರೂ ಬಾಗಿಲಲ್ಲಿ ನಿಂತು ತಮ್ಮ ತಮ್ಮ ಕೊಳವೆಗಳನ್ನು ನೋಡುತ್ತಿದ್ದರು. ಒಂದೊಂದು ಮಾಳಿಗೆಯಿಂದಲೂ ನೀರು ಧಾರೆಯಾಗಿ ಅಂಗಳಕ್ಕೆ ಬೀಳುತ್ತಿತ್ತು. ಹಿಂದಿನ ವರ್ಷ ಇದೇ ಮಳೆಗೆ ಅರ್ಧ ಓಣಿ ಪಾತ್ರೆ ಹಿಡಿದುಕೊಂಡು ಒಳಗೆ ಓಡಾಡಿತ್ತು. ಈ ಸಲ ಬಾಗಿಲಲ್ಲಿ ನಿಂತು ಶೇಂಗಾ ತಿನ್ನುತ್ತಿತ್ತು.

ಒಂದೇ ಒಂದು ಕೊಳವೆಯಿಂದ ನೀರು ಬೀಳುತ್ತಿರಲಿಲ್ಲ. ಶಿರಸ್ತೇದಾರರ ಮನೆಯದು.

ಅವರ ಹೆಂಡತಿ ಬಾಗಿಲಿಂದ ಕೈಮಾಡಿ ಕರೆದರು. ಚಪ್ಪಡಿಗಳ ಸಂದಿನಿಂದ ಒಳಗೆ ನೀರು ತೊಟ್ಟಿಕ್ಕಲು ಶುರುವಾಗಿತ್ತು. ನಾನು ಕೋಲು ಹಿಡಿದುಕೊಂಡು ಹೋದೆ. "ನೀವು ಬ್ಯಾಡ್ರಿ, ಮಳಿ ಜೋರದ" ಎಂದು ಹೇಳುತ್ತಲೇ ಶಿರಸ್ತೇದಾರರು ಏಣಿ ಹಿಡಿದು ನಿಂತರು. ಮೇಲೆ ಮೀನಖಂಡದವರೆಗೆ ನೀರು ನಿಂತಿತ್ತು. ಕೋಲು ತೂರಿಸಿ ಎರಡು ಸಲ ತಿವಿದೆ. ಒಳಗೆ ಕಾಗೆ ಗೂಡಿನ ಕಡ್ಡಿ, ಬೇವಿನ ಎಲೆ, ಒಂದು ಹಳೆಯ ಬನಿಯನ್ ಸಿಕ್ಕಿಕೊಂಡಿದ್ದವು. ಮೂರನೆಯ ಸಲಕ್ಕೆ ಎಲ್ಲ ಒಟ್ಟಿಗೆ ಕಿತ್ತುಹೋಗಿ ಭೋರೆಂದು ಇಳಿಯಿತು. ಏಣಿ ಇಟ್ಟದ್ದು ಕೊಳವೆಯ ಕೆಳಗೇ ಎಂಬುದನ್ನು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ.

"ಬಂತ್ರಿ, ಬಂತು" ಎಂದರು ಕೆಳಗಿನಿಂದ. ನಾನು ಬಗ್ಗಿ ನೋಡಿದರೆ ತಲೆಯ ಮೇಲೆ ಬೇವಿನ ಎಲೆ, ಹೆಗಲ ಮೇಲೆ ಬನಿಯನ್. ಆದರೂ ಏಣಿ ಬಿಟ್ಟಿರಲಿಲ್ಲ. ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು, "ನಾ ಆರು ದಿನದಿಂದ ಹೇಳಾಕತ್ತೀನಿ ಮಾಸ್ತರಮ್ಮ. ಹಲಗಿ ಮ್ಯಾಲ ಬರಿಯೂದು ಮಂದಿಗಿ, ನನಗ ಅಲ್ಲ ಅಂತಾರ" ಎಂದರು.

ಮರುದಿನ ಸಭೆ. ಪುಸ್ತಕದಲ್ಲಿ ಯಜಮಾನರ ಸಹಿ ಎಂದಿದ್ದ ಸಾಲನ್ನು ಶಿರಸ್ತೇದಾರರೇ ಬೆರಳಿಟ್ಟು ತೋರಿಸಿದರು. ಹನ್ನೆರಡರ ಮುಂದೆ ನನ್ನ ಪೂರ್ತಿ ಹೆಸರು ಬರೆದೆ. ಜಾಗ ಸಾಲದೆ ಎರಡು ಅಕ್ಷರ ಹದಿಮೂರಕ್ಕೆ ಹೋದವು. ಗಟಾರದ ಮಾತು ಬಂದಾಗ ನರ್ಸಮ್ಮ ಮೊಣಕೈಯಿಂದ ತಿವಿದಳು. ಎದ್ದು ನಿಂತೆ. ನೆಲ ನೋಡುತ್ತಲೇ ಹೇಳಿದೆ.

"ನಿನ್ನಿ ಮಳ್ಯಾಗ ನೀರು ಎತ್ತಾಗ ಹೋತು ಅಂತ ಎಲ್ಲಾರೂ ನೋಡೀರಿ. ನಮ್ಮ ಗ್ವಾಡಿ ಕಡಿ ಬರಲಿಲ್ಲ, ರಸ್ತಾ ಹಿಡಕೊಂಡು ಹಳ್ಳದ ಕಡಿ ಹೋತು. ಗಟಾರ ನಮ್ಮ ಕಡಿ ತೋಡಿದ್ರ ನೀರು ಏರು ಹತ್ತಬೇಕಾಗ್ತದ. ನೀರೇನು ನಮ್ಮ ಪಟ್ಟಿ ಓದತದೇನ್ರಿ?"

ಮೊದಲು ನಕ್ಕವರು ಪೋಸ್ಟಮನ್ನರು. ಆಮೇಲೆ ಕಾಂಪೌಂಡರು ಕೈ ಎತ್ತಿದರು, ಆಮೇಲೆ ಸಾಲಾಗಿ ಎತ್ತಿದರು. ಗಟಾರ ಹಳ್ಳದ ಕಡೆಗೆಂದು ಶಿರಸ್ತೇದಾರರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಬರೆದು, ಪುಸ್ತಕ ನನ್ನ ಕಡೆಗೆ ತಿರುಗಿಸಿ, "ಓದ್ರಿ ಮಾಸ್ತರಮ್ಮ, ಎಲ್ಲಾರಿಗೂ ತಿಳಿಯೂ ಹಂಗ ಅದ ಇಲ್ಲ ಹೇಳ್ರಿ" ಎಂದರು.

ಎಲ್ಲರಿಗೂ ತಿಳಿಯದ ಒಂದು ಶಬ್ದ ಹೊಡೆದುಹಾಕಿಸಿದೆ.

ಮಳೆ ಮುಗಿದ ಮೇಲೆ ಗಟಾರ ತೋಡಿದರು. ಎಂಟು ದಿನ ನಾನು ಛತ್ರಿ ಹಿಡಿದು ಬಿಸಿಲಲ್ಲಿ ನಿಂತು, ಇಳಿಜಾರು ತಪ್ಪದಂತೆ ದಾರ ಹಿಡಿಸಿದೆ. ಮೊದಲ ನೀರು ಬಿಟ್ಟಾಗ ಅದು ಎಲ್ಲೂ ನಿಲ್ಲದೆ ಹಳ್ಳ ಮುಟ್ಟುವವರೆಗೂ ಅದರ ಜೊತೆಗೇ ನಡೆದುಹೋದೆ.