ಹಕ್ಕಿಹೊನ್ನಿನ ಎಡಗಾಲು

ಕಾರವಾರದ ಮೀನುಪೇಟೆಯ ಮೇಲೆ ಗರುಡ ಸುತ್ತುವುದನ್ನು ಕಂಡಾಗಲೆಲ್ಲ ನಾನು ನಮಸ್ಕಾರ ಮಾಡುತ್ತಿದ್ದೆ. ಆದರೆ ಒಂದೇ ಕೈಯಲ್ಲಿ. ಇನ್ನೊಂದು ಕೈ ಬಂಗಡೆ ಮೀನಿನ ಚೀಲವನ್ನು ಎದೆಗೆ ಅವುಚಿಕೊಂಡಿರುತ್ತಿತ್ತು. ಕೆಂಪು ಮೈಯ, ಬಿಳಿ ತಲೆಯ ಆ ಹಕ್ಕಿ ದೇವರ ವಾಹನ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ದೇವರನ್ನು ಎಲ್ಲೋ ಇಳಿಸಿ ಬಂದ ವಾಹನಕ್ಕೂ ಹಸಿವೆ ಇರುತ್ತದಲ್ಲ! ನನ್ನ ಪಕ್ಕದಲ್ಲಿ ನಿಂತವರು ಎರಡೂ ಕೈ ಜೋಡಿಸಿ, ಕೆನ್ನೆ ಮುಟ್ಟಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ನಾನು ಮುಚ್ಚುತ್ತಿರಲಿಲ್ಲ. "ಭಕ್ತಿಯನ್ನೂ ಅಳತೆಪಟ್ಟಿ ಇಟ್ಟೇ ಮಾಡ್ತಾರೆ ಇವ್ರು" ಎಂದು ನನ್ನ ಹೆಂಡತಿ ನೆಂಟರ ಎದುರು ಹೇಳುವುದಿತ್ತು.

ಅವಳು ಹೇಳುವುದು ಸುಳ್ಳಲ್ಲ. ಅಂಕೋಲೆಯಿಂದ ದಿನಾ ಬಸ್ಸು ಹತ್ತಿ ಕಾರವಾರದ ಒಂದು ಸರಕಾರಿ ಕಚೇರಿಗೆ ಬಂದು ನಕ್ಷೆ ಬರೆಯುತ್ತ ತಲೆ ನರೆಸಿಕೊಂಡವನು ನಾನು. ಇದ್ದ ಗೆರೆಯನ್ನು ಬಿಡಬಾರದು, ಇಲ್ಲದ ಗೆರೆಯನ್ನು ಎಳೆಯಬಾರದು. ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಕಲಿಸಿದ ಪಾಠ ಇಷ್ಟೇ. ಕಚೇರಿಗೆ ಕಂಪ್ಯೂಟರು ಬಂದು ನನ್ನ ಡ್ರಾಯಿಂಗ್ ಬೋರ್ಡು ಗೋಡೆಗೆ ಒರಗಿದ ಮೇಲೆ, ಸುಮ್ಮನಿರಲಾರದ ಕೈಗೆ ಒಂದು ಹವ್ಯಾಸ ಅಂಟಿಕೊಂಡಿತು. ಹಳೆಯ ನಾಣ್ಯದ ಮೇಲೆ ತೆಳುವಾದ ಕಾಗದ ಹಾಸಿ, ಮೆದು ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದರೆ, ನಾಣ್ಯದೊಳಗಿನ ಚಿತ್ರ ನಿಧಾನವಾಗಿ ಕಾಗದದ ಮೇಲೆ ಏಳುತ್ತದೆ. ಚಿನ್ನ ಬೆಳ್ಳಿಯ ನಾಣ್ಯ ಕೊಳ್ಳುವ ಶಕ್ತಿ ನನಗಿಲ್ಲ. ಆದ್ದರಿಂದ ಜನರ ದೇವರ ಕೋಣೆಗಳಿಂದ ಅವುಗಳ ನೆರಳನ್ನಷ್ಟೇ ಮನೆಗೆ ತರುತ್ತೇನೆ.

ಹೀಗೆ ನೆರಳು ಕೂಡಿಸುವಾಗ ಒಂದು ಸಂಗತಿ ಗಮನಕ್ಕೆ ಬಂತು. ಅರಸರಿಗೆ ಬೇಟೆಯ ಹಕ್ಕಿಗಳ ಮೇಲೆ ವಿಪರೀತ ಮೋಹ. ಗ್ರೀಕರ ಬೆಳ್ಳಿಯಲ್ಲಿ ಗುಂಡುಕಣ್ಣಿನ ಗೂಬೆ ಇದೆ, ಮೊಲವನ್ನು ತುಳಿದು ನಿಂತ ಹದ್ದಿದೆ. ರೋಮನರದು ರೆಕ್ಕೆ ಬಿಚ್ಚಿದ ಹದ್ದು. ನಮ್ಮ ಗುಪ್ತರ ಚಿನ್ನದಲ್ಲಿ ಧ್ವಜದ ತುದಿಗೆ ಗರುಡ. ಗುಬ್ಬಿಯನ್ನು ಟಂಕಿಸಿದ ಅರಸನನ್ನು ನಾನಂತೂ ಕಂಡಿಲ್ಲ. ಎಲ್ಲರನ್ನೂ ಮೀರಿಸಿದವರು ವಿಜಯನಗರದವರು. ಹುಣಸೆಬೀಜದಷ್ಟು ಚಿಕ್ಕ ಚಿನ್ನದ ವರಾಹದ ಮೇಲೆ ಅವರು ಗಂಡಭೇರುಂಡವನ್ನು ಕೂರಿಸಿದರು: ಎರಡು ತಲೆಯ ಹಕ್ಕಿ, ಎರಡು ಕೊಕ್ಕಿನಲ್ಲಿ ಎರಡು ಆನೆ, ಎರಡು ಕಾಲಿನಲ್ಲಿ ಇನ್ನೆರಡು ಆನೆ. ಆನೆಗಳೋ ಎಳ್ಳಿನ ಕಾಳಿನಷ್ಟು. ನನ್ನ ಹಿಡಿತಕ್ಕೆ ಸಿಕ್ಕಿದ್ದು ಜಾರುವುದಿಲ್ಲ ಎಂದು ಅರಸ ಹೇಳಿದ ರೀತಿ ಅದು. ಅದೇ ಹಕ್ಕಿ ಈಗ ನಮ್ಮ ರಾಜ್ಯದ ಲಾಂಛನದಲ್ಲೂ ಇದೆ, ನನಗೆ ಬರುವ ಸರಕಾರಿ ಕಾಗದಗಳ ನೆತ್ತಿಯ ಮೇಲೂ ಕೂತಿದೆ. ಅಲ್ಲಿ ಅದರ ಕಾಲಿನಲ್ಲಿ ಆನೆಗಳಿಲ್ಲ. "ಆನೆಯ ಜಾಗದಲ್ಲಿ ನಾವಿದ್ದೇವಲ್ಲ" ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆ. ಹಣಕೋಣದ ಆ ಮಧ್ಯಾಹ್ನದ ನಂತರ ಆ ತಮಾಷೆಯನ್ನು ಬಿಟ್ಟಿದ್ದೇನೆ.

ಹಣಕೋಣ ನನ್ನ ಪಕ್ಕದ ಮೇಜಿನ ಮನೋಹರನ ಊರು. ಕಾಳಿ ಸೇತುವೆ ದಾಟಿ ಬಲಕ್ಕೆ ಹೊರಳಿ ಹೋಗಬೇಕು. ಮನೆಯಲ್ಲಿ ಅವರ ಮಾತು ಕೊಂಕಣಿ. ಅವನ ಹೆಂಡತಿ ಸುನಂದಾ ಮಾತ್ರ ನಮ್ಮ ಅಂಕೋಲೆ ಕಡೆಯ ಅಗಸೂರಿನವಳು. ತವರಿನ ಮಾತು ಕಿವಿಗೆ ಬೀಳುತ್ತದೆಂಬ ಸಂತೋಷಕ್ಕೆ ನನ್ನನ್ನು ಅಣ್ಣ ಎನ್ನುತ್ತಾಳೆ. ಮನೋಹರನ ತಾಯಿಯನ್ನು ಊರಿಗೆ ಊರೇ ಆಯಿ ಎಂದು ಕರೆಯುತ್ತಿತ್ತು.

"ನಮ್ಮನೆಲೂ ಗಂಡಭೇರುಂಡದ ಒಂದು ಹಕ್ಕಿಹೊನ್ನು ಅದೆ ಮಾರಾಯ" ಎಂದು ಮನೋಹರ ಒಂದು ದಿನ ಹೇಳಿದ. "ಸುನಂದಾ ನಿನ್ನ ಕರ್ಕೊಂಡೇ ಬಾ ಅಂದಾಳೆ. ಭೂತಗನ್ನಡಿ ತಕಂಡು ಬರ್ಬೇಕಂತೆ."

ಆ ಮನೆಗೂ ಆ ನಾಣ್ಯಕ್ಕೂ ಇದ್ದ ಸಂಬಂಧವನ್ನು ಬಸ್ಸಿನಲ್ಲಿ ಅವನೇ ಹೇಳಿದ. ಅರಸನ ಆನೆಗಳು ಸವೆದು ಸವೆದು ಕೈಕಾಲು ಮುದುಡಿದ ಮುದ್ದೆಗಳಂತೆ ಆಗಿದ್ದವು. ಮನೆಯವರು ಅವನ್ನು ಆನೆಗಳೆಂದು ಎಂದೂ ತಿಳಿದಿರಲಿಲ್ಲ. ಅವರ ಲೆಕ್ಕದಲ್ಲಿ ಅವು ಕೂಸುಗಳು, ಈ ಮನೆಯಲ್ಲಿ ಹುಟ್ಟಿ ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸುಗಳು. ಹೆಸರಿಡುವ ಮುಂಚೆ ಹೋದ ಮಕ್ಕಳಿಗೆ ಫೋಟೋ ಇಲ್ಲ, ತಿಥಿ ಇಲ್ಲ. ಆ ಮನೆಯಲ್ಲಿ ಅವುಗಳಿಗಿದ್ದ ಒಂದೇ ಗುರುತು ಈ ನಾಣ್ಯ. ಸೊಸೆಗೆ ಏಳು ತಿಂಗಳಾಗಿ ಹೂ ಮುಡಿಸುವ ದಿನ ಅತ್ತೆ ಅದನ್ನು ಹೊರಗೆ ತೆಗೆದು, ಸೊಸೆಯ ಬೆರಳು ಹಿಡಿದು, ಒಂದೊಂದನ್ನೂ ಮುಟ್ಟಿಸಿ ಎಣಿಸಬೇಕು. ಸುನಂದೆಯ ಮೊದಲ ಕೂಸು ಹೋಗಿತ್ತು. ಈಗ ಎರಡನೆಯದಕ್ಕೆ ಏಳು ತುಂಬುತ್ತಿತ್ತು. ಹೂ ಮುಡಿಸುವುದಕ್ಕೆ ಇನ್ನೊಂದು ವಾರ ಉಳಿದಿತ್ತು.

ಜಗಲಿಯಲ್ಲಿ ಚಾಪೆ ಹಾಸಿದ್ದರು. ತೆಂಗಿನ ಮರಗಳ ಸಂದಿನಲ್ಲಿ ಕಾಳಿ ಹೊಳೆಯ ಒಂದು ಪಟ್ಟಿ ಹೊಳೆಯುತ್ತಿತ್ತು. ಅಂಗಳದ ಅಂಚಿನ ಮರದ ಮೇಲೆ ಒಂದು ಗರುಡ ಕೂತಿತ್ತು. ನನ್ನ ಕೈಯಲ್ಲಿ ಮೀನು ಇರಲಿಲ್ಲವಾದ್ದರಿಂದ ಅದರ ಕಡೆ ಹೆಚ್ಚು ಲಕ್ಷ್ಯ ಕೊಡಲಿಲ್ಲ.

ಆಯಿ ಕುಂಕುಮದ ಬೆಳ್ಳಿ ಕರಡಿಗೆಯಿಂದ ನಾಣ್ಯ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಕಣ್ಣಿನಲ್ಲಿ ಪೊರೆ ಬಂದಿತ್ತು. ಬೆರಳಿನ ತುದಿಯಲ್ಲೇ ಹಕ್ಕಿಯನ್ನು ಹುಡುಕಿಕೊಂಡರು. "ಇದು ನಮ್ಮತ್ತೆದು" ಎಂದರು. "ಇದು ನಂದು. ಇದೂ ನಂದೇ. ಇದು ಇವಳ ಮೊದ್ಲಿಂದು." ಸೊಸೆಯ ಕಡೆ ತಿರುಗಿದರು. " ಬಾಯೀನೂ ತುಂಬ್ತು, ಕಾಲೂ ತುಂಬ್ತು. ಇನ್ನೆಂತಕೆ ಹೆದರ್ತೆ ಗೊ ಬಾಯೆ? ಹಿಡೂಕೆ ಅದ್ಕೆ ಜಾಗ ಎಲ್ಲದೆ?"

ಸಂಕಟವನ್ನು ಹೀಗೆ ಸಮಾಧಾನ ಮಾಡಿಕೊಂಡ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಹಕ್ಕಿ ಒಯ್ಯುವುದನ್ನು ಒಯ್ದಾಯಿತು. ಇನ್ನು ಅದರ ಕೈಯಲ್ಲಾಗುವುದಿಲ್ಲ. ಅರಸನು ಬೆದರಿಸಲೆಂದು ಬರೆಸಿದ ಚಿತ್ರದಿಂದಲೇ ಇವರು ಧೈರ್ಯ ಹಿಂಡಿಕೊಂಡಿದ್ದರು.

ಆಯಿ ನಾಣ್ಯವನ್ನು ನನ್ನ ಕೈಗಿಟ್ಟು ಚಹಾ ಮಾಡಲು ಒಳಗೆ ಹೋದರು. ಮನೋಹರ ಎಳನೀರು ಇಳಿಸಲು ಹಿತ್ತಲಿಗೆ ಹೋದ. ಸುನಂದಾ ಹತ್ತಿರ ಸರಿದು ಕೂತಳು. ಮುಖ ಬಿಳಿಚಿತ್ತು.

"ಅಣ್ಣ, ಬೇಗ ನೋಡಿ. ನಂಗೆ ಮೂರೇ ಕಾಣ್ತದೆ."

"ಸವೆದಿರ್ಬೇಕು ತಂಗಿ."

"ಸವೆದದ್ದೋ, ಮೊದ್ಲಿಂದ ಇಲ್ವೋ, ಅದ್ನೇ ಹೇಳಿ. ಯಾರಿಗೂ ಹೇಳ್ಲಿಲ್ಲ ನಾನು. ಅನ್ನ ಸೇರೂದಿಲ್ಲ, ನಿದ್ದೆ ಬೀಳೂದಿಲ್ಲ. ಡಾಕ್ಟರಮ್ಮ ಬೈತ್ರು. ಹೂ ಮುಡ್ಸೂ ದಿನ ಅಷ್ಟು ಜನರ ಎದ್ರು ನಾಲ್ಕು ಅಂತ ಹೆಂಗೆ ಹೇಳ್ಲಿ?"

ಕಾಗದ ಹಾಸಿದೆ. ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದೆ. ಮೊದಲು ಅಂಚಿನ ಚುಕ್ಕೆಗಳು ಎದ್ದವು, ಆಮೇಲೆ ರೆಕ್ಕೆಯ ಗೆರೆಗಳು, ಬೆನ್ನು ತಿರುಗಿಸಿದ ಎರಡು ತಲೆಗಳು. ಎಡ ಕೊಕ್ಕಿನಲ್ಲಿ ಒಂದು ಮುದ್ದೆ, ಬಲ ಕೊಕ್ಕಿನಲ್ಲಿ ಒಂದು, ಬಲಗಾಲಿನಲ್ಲಿ ಒಂದು. ಎಡಗಾಲಿನ ಮೇಲೆ ಭೂತಗನ್ನಡಿ ಹಿಡಿದೆ. ಅಲ್ಲಿ ಕಂಡದ್ದನ್ನು ಆದಷ್ಟು ಸರಿಯಾಗಿ ಹೇಳುತ್ತೇನೆ. ಸವೆದ ಜಾಗ ಹೇಗಿರುತ್ತದೆಂದು ನನಗೆ ಗೊತ್ತು. ಅಲ್ಲಿ ಎಲ್ಲವೂ ನುಣುಪಾಗಿ ಕರಗಿರುತ್ತದೆ. ಇದು ಹಾಗಿರಲಿಲ್ಲ. ಉಗುರುಗಳು ಒಂದೊಂದೂ ಬೇರೆ ಬೇರೆಯಾಗಿ, ಚೂಪಾಗಿ ಎದ್ದು ಕಾಣುತ್ತಿದ್ದವು. ಇನ್ನೊಂದು ಕಾಲಿಗಿಂತ ಈ ಕಾಲೇ ಹೊಸದಾಗಿತ್ತು. ಉಗುರುಗಳು ಅಗಲವಾಗಿ ತೆರೆದಿದ್ದವು. ನಡುವೆ ಏನೂ ಇರಲಿಲ್ಲ.

ತಲೆಯೆತ್ತಿದೆ. ಸುನಂದಾ ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಬೆಳಕು ಸಾಲ್ತಾ ಇಲ್ಲ" ಎಂದು ನಾನು ಅವಳಿಗೆ ಬೆನ್ನು ಮಾಡಿ ಕೂತೆ. ಮಟಮಟ ಮಧ್ಯಾಹ್ನದಲ್ಲಿ, ತೆರೆದ ಜಗಲಿಯಲ್ಲಿ, ಬೆಳಕು ಸಾಲದೆಂದ ಮನುಷ್ಯ ನಾನೊಬ್ಬನೇ ಇರಬೇಕು. ಪೆನ್ಸಿಲಿನ ಮೊನೆಯನ್ನು ಬ್ಲೇಡಿನಲ್ಲಿ ಹೆರೆದೆ. ಊರಿನ ಬಾವಿ, ಮೋರಿ, ಗಡಿಕಲ್ಲುಗಳನ್ನೆಲ್ಲ ಸಾಸಿವೆಯಷ್ಟರಲ್ಲಿ ತೋರಿಸುವ ಕಸುಬಿನವನಿಗೆ ಎಳ್ಳಿನಷ್ಟು ಆನೆ ಬರೆಯುವುದು ಕಷ್ಟವಲ್ಲ. ಬರೆದೆ. ಬಲಗಾಲಿನ ಮುದ್ದೆಯಂತೆಯೇ, ಅಷ್ಟೇ ಸವೆದಂತೆ ಬರೆದು, ಬೆರಳಿನಿಂದ ಒಮ್ಮೆ ಉಜ್ಜಿದೆ. ಇಡೀ ಜೀವಮಾನದಲ್ಲಿ ಇಲ್ಲದ ಗೆರೆಯನ್ನು ನಾನು ಎಳೆದದ್ದು ಅದೊಂದೇ.

"ಈಗ ನೋಡು."

ಅವಳು ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಯ್ಯೋ, ನನ್ನ ಕಣ್ಣಿಗೆಂತ ಬಂದಿತ್ತ!" ಎಂದು ನಕ್ಕಳು. "ಆಯೀ, ಅಣ್ಣಂಗೆ ಚಾ ಮಾತ್ರ ಸಾಲೂದಿಲ್ಲ, ಊಟಾನೇ ಹಾಕ್ವ. ನಂಗೂ ಹಸಿವೆ ಆಗದೆ."

ಆ ಹೊತ್ತಿಗೆ ಮರದ ಮೇಲಿನ ಗರುಡ ಕೂಗದೆ, ರೆಕ್ಕೆ ಬಡಿಯದೆ, ಜಾರಿದ ಹಾಗೆ ಮನೆಯ ಮಾಡಿನ ಮೇಲಿಂದ ಹಾದುಹೋಯಿತು. ಅಭ್ಯಾಸಬಲದಿಂದ ಅದರ ಕಾಲನ್ನು ನೋಡಿದೆ. ಖಾಲಿಯಿತ್ತು.

ಹೊರಡುವಾಗ ಆಯಿ ಅಂಗಳದ ಮೆಟ್ಟಿಲ ತನಕ ಬಂದರು, ಹಿತ್ತಲಿನ ನಾಲ್ಕು ಬದನೆಕಾಯಿ ಕೊಡುವ ನೆವದಲ್ಲಿ. ಚೀಲವನ್ನು ನನ್ನ ಕೈಗೆ ಕೊಟ್ಟವರು ಕೈ ಬಿಡಲಿಲ್ಲ.

"ಮೂರೇ ಅಲ್ವನ ಪುತಾ?"

ನಾನು ಚೀಲದೊಳಗಿನ ಬದನೆಕಾಯಿಗಳನ್ನು ನೋಡಿದೆ.

"ನನ್ನ ಕಣ್ಣು ಹೋಗದೆ, ಬೆರಳು ಹೋಗ್ಲಿಲ್ಲ. ಮೊದ್ಲು ಅಲ್ಲಿ ಬೆರಳಿಗೆ ಸಿಗ್ತಿತ್ತು. ಇವಳು ಬಸುರಿ ಆದ ಮೇಲೆ ಸಿಗೂದಿಲ್ಲ. ಒಂದ್ನ ಎಲ್ಲೋ ಇಳಿಸಿ ಬಂದದೆ ಅದು."

"ಲೋಹ ಹಾಗೆಲ್ಲ ಬದಲಾಗೂದಿಲ್ಲ ಆಯಿ" ಎಂದೆ. ಮಾತು ನನಗೇ ಸಣ್ಣದಾಗಿ ಕೇಳಿಸಿತು.

"ನೀ ಎಂತ ಮಾಡ್ದೆ ಅಂತ ನಾ ಕೇಳೂದಿಲ್ಲ. ಅವಳು ನಕ್ಕದ್ದು ಒಳಗೆ ಕೇಳ್ತು, ಸಾಕು. ಜಾಗದ ಚಿಂತೆ ನಿಂಗೆ ಬೇಡ. ನಾ ಇದ್ದೆ ಅಲ್ವ?" ಅವರು ತಮಾಷೆ ಮಾಡುವವರಂತೆ ನನ್ನ ಮಣಿಕಟ್ಟು ತಟ್ಟಿದರು. "ನಾನೂ ಯಾರದೋ ಕೂಸೇ."

ಹೂ ಮುಡಿಸುವ ದಿನ ಸುನಂದಾ ಎಲ್ಲರೆದುರು ನಾಲ್ಕು ಎಂದು ಗಟ್ಟಿಯಾಗಿ ಎಣಿಸಿದಳಂತೆ. ಕಾರವಾರದ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು, ಇಡೀ ವಾರ್ಡಿಗೆ ಕೇಳುವ ಹಾಗೆ ಅಳುತ್ತ. ಮನೆಗೆ ತಂದರು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ, ಜಗಲಿಯಲ್ಲಿ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದ ಆಯಿ ಮಡಚಿದ ಬಟ್ಟೆಗಳ ಮೇಲೆ ಹಾಗೇ ಒರಗಿದರು. ಸುನಂದಾ ಬಂದು ನೋಡುವಾಗ ಉಸಿರಿರಲಿಲ್ಲ. ವಯಸ್ಸಾಗಿತ್ತು, ಯಾರಿಗೂ ಆಶ್ಚರ್ಯವಾಗಲಿಲ್ಲ. ನನಗೆ ಮಾತ್ರ ಆ ಸುದ್ದಿ ಕೇಳಿದೊಡನೆ, 'ನಾ ಇದ್ದೆ ಅಲ್ವ' ಎಂದು ಅವರು ಮಣಿಕಟ್ಟು ತಟ್ಟಿದ್ದು ನೆನಪಾಯಿತು.

ಚೌತಿಯ ಹಬ್ಬಕ್ಕೆ ಹಣಕೋಣಕ್ಕೆ ಹೋದಾಗ ಸುನಂದಾ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಅದೇ ಕರಡಿಗೆ ತಂದಳು. "ಆಯಿ ಹೋದ ಮೇಲೆ ಇದ್ನ ತೊಳೂದು ನನ್ನ ಪಾಳಿ. ಅಣ್ಣ, ಒಂದು ಸಲ ಕನ್ನಡಿ ಹಿಡೀರಿ. ನಂಗೆ ಈಗ ಬರಿಗಣ್ಣಿಗೇ ನಾಲ್ಕೂ ಕಾಣ್ತದೆ."

ಭೂತಗನ್ನಡಿ ಹಿಡಿದೆ. ಎಡಗಾಲಿನ ಉಗುರುಗಳು ಮುಚ್ಚಿದ್ದವು ಎಂದು ನಾನು ಹೇಳುವುದಿಲ್ಲ. ಅಷ್ಟು ನೋಡುವ ಧೈರ್ಯ ನನಗೆ ಬರಲಿಲ್ಲ. ಆದರೆ ನಡುವೆ ಒಂದು ಮುದ್ದೆಯಿತ್ತು. ಉಳಿದ ಮೂರಕ್ಕಿಂತ ತುಸು ದೊಡ್ಡದು, ಮುದುಡಿ ಕೂತಂತೆ ಇತ್ತು. ಪೂಜೆಯ ಗಂಧ ಎಣ್ಣೆಯೊಡನೆ ಸೇರಿ ಗಟ್ಟಿಯಾಗಿರಬಹುದು ಎಂದುಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ.

"ಕೊಳೆ ಕೂತದ್ಯ? ಸೂಜಿ ತಂದ್ಕೊಡ್ಲ?" ಎಂದು ಸುನಂದಾ ಕೇಳಿದಳು.

ಸೂಜಿಯ ತುದಿಯಿಂದ ಒಮ್ಮೆ ಕೆದಕಿದ್ದರೆ ಗಂಧವೋ ಚಿನ್ನವೋ ಎಂದು ತಿಳಿಯುತ್ತಿತ್ತು. ಒಂದು ಕ್ಷಣದ ಕೆಲಸ. ನನ್ನ ತೊಡೆಯ ಮೇಲಿದ್ದ ಕೂಸು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು, ಆ ವಯಸ್ಸಿನವು ಹಿಡಿಯುವ ಹಾಗೆ, ಬಿಡಿಸಿಕೊಳ್ಳಲಾಗದಂತೆ.

"ಬೇಡ ತಂಗಿ. ಇರ್ಲಿ" ಎಂದೆ.

ಮನೆಗೆ ಬಂದು ಮೊದಲಿನ ಕಾಗದವನ್ನು ಹೊರತೆಗೆದೆ. ಅಂದು ಆ ಕಾಲು ಖಾಲಿಯಿತ್ತು ಎನ್ನುವುದಕ್ಕೆ ಇದ್ದ ಸಾಕ್ಷಿ ಅದೊಂದೇ. ಅದರಲ್ಲೂ ಆನೆಯಿದೆ, ನಾನೇ ಬರೆದದ್ದು. ಉಜ್ಜಿದ್ದೂ ಅದೇ ಪೆನ್ಸಿಲು, ಬರೆದದ್ದೂ ಅದೇ ಪೆನ್ಸಿಲು, ಮೇಲೆ ನನ್ನದೇ ಬೆರಳಿನ ಉಜ್ಜು. ಎಷ್ಟು ನೋಡಿದರೂ ಎಲ್ಲಿಯವರೆಗೆ ನಾಣ್ಯ, ಎಲ್ಲಿಂದ ನಾನು ಎಂದು ಗೊತ್ತಾಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿ ಸಂಬಳ ತಿಂದವನು, ಕಣ್ಣಾರೆ ಕಂಡ ಒಂದೇ ಒಂದು ವಿಚಿತ್ರಕ್ಕೆ ಸಾಕ್ಷಿ ಹೇಳಲು ಯೋಗ್ಯನಾಗಿ ಉಳಿಯಲಿಲ್ಲ. ಅದಕ್ಕಾಗಿ ವ್ಯಥೆಪಡಬೇಕೆಂದು ಆಗಾಗ ಕೂರುತ್ತೇನೆ. ಅಷ್ಟರಲ್ಲಿ ಸುನಂದೆಯ ಆ ದಿನದ ನಗು ನೆನಪಾಗಿ ವ್ಯಥೆ ಮುಂದಕ್ಕೆ ಹೋಗುತ್ತದೆ.

ಈಗ ಮೀನುಪೇಟೆಯಲ್ಲಿ ಗರುಡ ಕಂಡರೆ ನಾನು ಚೀಲವನ್ನು ನೆಲಕ್ಕಿಡುತ್ತೇನೆ. ಎರಡೂ ಕೈ ಜೋಡಿಸುತ್ತೇನೆ, ಕಣ್ಣನ್ನೂ ಮುಚ್ಚುತ್ತೇನೆ. ಮೊನ್ನೆ ಹೀಗೆ ನಿಂತಾಗ ಕಾಲ ಬಳಿ ಗಾಳಿ ಬೀಸಿದಂತಾಯಿತು. ಮೀನು ಮಾರುವ ಹೆಂಗಸು ಕೂಗಿಕೊಂಡಳು: "ಅಯ್ಯ ಮಾಸ್ತರೇ, ಹೋಯ್ತಲ್ರಾ ನಿಮ್ಮ ಬಂಗಡೆ! ಬೆಪ್ಪನಂಗೆ ನಿಂತ್ರಲ್ಲ!"

ಕಣ್ಣು ತೆರೆದು ಮೇಲೆ ನೋಡಿದೆ. ಹಕ್ಕಿ ಸಮುದ್ರದ ಕಡೆ ಏರುತ್ತಿತ್ತು, ಒಂದು ಕಾಲಿನಲ್ಲಿ ನನ್ನ ಬಂಗಡೆ ಬಿಸಿಲಿಗೆ ಮಿನುಗುತ್ತಿತ್ತು. ಹೋದರೆ ಹೋಗಲಿ. ಅದರ ಕಾಲು ಹೀಗೆ ತುಂಬಿರಲಿ.