ಕಾನ್ವೆಂಟಿನ ಗೋಡೆಯ ಕೆಳಗಿನ ಬಾವಿ

ನವನಗರದಲ್ಲಿ ಬಾದಾಮಿ ಬಸ್ಸು ಹತ್ತಿದಾಗ ನಾನು ಖುಷಿಯಲ್ಲಿಯೇ ಇದ್ದೆ. ಏಳನೆಯ ಇಯತ್ತೆಯವರೆಗೆ ಓದಿದ ಕಾನ್ವೆಂಟಿನಿಂದ ಫೋನು ಬಂದಿತ್ತು: ಸ್ಮರಣ ಸಂಚಿಕೆ ತರುತ್ತಿದ್ದೇವೆ, ಹಳೆಯ ಕಟ್ಟಡದ ಇತಿಹಾಸವನ್ನು ನೀವೇ ಬರೆದುಕೊಡಬೇಕು, ಒಮ್ಮೆ ಬಂದು ನೋಡಿ ಹೋಗಿ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ಬಾದಾಮಿಯಲ್ಲಿ ಸುಡು ಬಿಸಿಲು. ಸ್ಟ್ಯಾಂಡಿನ ಎದುರು ಗಿರಮಿಟ್ಟು, ಮಿರ್ಚಿ ತಿಂದು ಪಟ್ಟದಕಲ್ಲಿನ ಬಸ್ಸು ಹಿಡಿದು ನಡುವಿನ ಒಂದು ಹಳ್ಳಿಯಲ್ಲಿ ಇಳಿದೆ. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಬಾಳಬೇಕಾದವರಿದ್ದಾರೆ.

ಗೇಟಿನಲ್ಲಿ ಜೆಸಿಬಿ ನಿಂತಿತ್ತು. ಕೆಂಪು ಮರಳುಗಲ್ಲಿನ ಕಟ್ಟಡದ ಮುಂಭಾಗ, ಪ್ರಾರ್ಥನೆಯ ಕೋಣೆ, ನಾವು ಮಗ್ಗಿ ಒಪ್ಪಿಸುತ್ತಿದ್ದ ಪಡಸಾಲೆ ಎಲ್ಲವೂ ನೆಲಸಮ. ಹೆಣ ಎತ್ತಿದ ಮೇಲೆ ಆರೋಗ್ಯ ವಿಚಾರಿಸಲು ಕರೆದ ಹಾಗಿತ್ತು ನನ್ನನ್ನು ಕರೆದದ್ದು. ಕಳೆದ ವರ್ಷವಷ್ಟೇ ಬೇರೆ ಊರಿನಿಂದ ಬಂದ ಮುಖ್ಯಸ್ಥೆ ಮದರ್ ನಗುತ್ತಲೇ ಎದುರಾದರು.

“ಹೊಸ ಬ್ಲಾಕ್ ಬರುತ್ತಿದೆ ಮೇಡಂ. ಹಳೆಯದರ ಫೋಟೋ ತೆಗೆಸಿಟ್ಟಿದ್ದೇವೆ, ಬರೆಯಲು ತೊಂದರೆಯಿಲ್ಲ. ಬಾವಿ ಒಂದು ಉಳಿದಿದೆ, ಇವತ್ತು ಮುಚ್ಚಿಸುತ್ತೇವೆ. ಶಾಲೆಯ ಬಸ್ಸು ನಿಲ್ಲಲು ಜಾಗ ಬೇಕು.”

ನನ್ನ ಪಿತ್ತ ನೆತ್ತಿಗೇರಿತು. ಆ ಬಾವಿಯೇ ಕಾನ್ವೆಂಟಿನ ಇತಿಹಾಸ. ಊರ ಬಾವಿಗೆ ಕೇರಿಯವರನ್ನು ಬಿಡದ ಕಾಲದಲ್ಲಿ, ಮೊದಲು ಬಂದ ಸನ್ಯಾಸಿನಿಯರು ತಮ್ಮ ಕಾಂಪೌಂಡು ಗೋಡೆಯನ್ನು ಬೇಕೆಂದೇ ಬಾವಿಯ ಮೇಲೆ ಕಮಾನು ಮಾಡಿ ಹಾಯಿಸಿದರು. ಅರ್ಧ ಬಾವಿ ಒಳಗೆ, ಅರ್ಧ ಹೊರಗೆ, ಕೇರಿಯ ಕಡೆಗೆ. ಎರಡೂ ಬದಿಗೆ ರಾಟೆ. ಯಾರ ಬಾಗಿಲನ್ನೂ ತಟ್ಟದೆ, ಯಾರ ಅಪ್ಪಣೆಯನ್ನೂ ಕೇಳದೆ ಕೇರಿಯವರು ನೀರು ಸೇದಲಿ ಎಂದು. ಜಾತಿ ಕೆಡಿಸುತ್ತಾರೆ ಎಂದು ಊರವರು ಬೈದರಂತೆ. ಇದನ್ನೆಲ್ಲ ನನಗೆ ಹೇಳಿದವರು ನನ್ನ ಟೀಚರ್ ಸಿಸ್ಟರ್ ಲೂಸಿ. ಮಂಗಳೂರಿನ ಕಡೆಯಿಂದ ಹುಡುಗಿಯಾಗಿ ಬಂದು ಇಲ್ಲೇ ಮುದುಕಿಯಾದವರು.

“ಈಗ ಮನೆಮನೆಗೆ ನಲ್ಲಿ ಇದೆಯಲ್ಲ?” ಎಂದರು ಮದರ್.

ನಲ್ಲಿಯ ನೀರು ಬೋರಿನದು, ಬರೀ ಸವುಳು. ಗೋಡೆಯಾಚೆ ಕೊಡ ಹಿಡಿದು ನೆರೆದಿದ್ದ ಹೆಂಗಸರಲ್ಲಿ ಯಲ್ಲವ್ವ ಎಂಬಾಕೆ ಕಮಾನಿನಿಂದಲೇ ಕೂಗಿದಳು: “ನಳದ ನೀರಾಗ ಬ್ಯಾಳಿ ಕುದಿಯಂಗಿಲ್ರಿ ಮದರ್, ನೀವ ಒಂದ್ಸಲ ಕುದಿಸಿ ನೋಡ್ರಿ! ನಿಮ್ಮ ಅರ್ಧ ಬೇಕಾದ್ರ ಮುಚ್ಚಕೋರಿ, ನಮ್ಮ ಅರ್ಧ ಬಿಡ್ರಿ.”

ಜೆಸಿಬಿಯ ಡ್ರೈವರ್ ನಕ್ಕುಬಿಟ್ಟ. ಮದರ್ ಅವನಿಗೆ ಶುರು ಮಾಡು ಎಂದು ಕೈ ಮಾಡಿದರು. ನನಗೆ ತಡೆಯಲಾಗಲಿಲ್ಲ. “ನೀರು ಕೊಟ್ಟವರ ಹೆಸರಿಗೆ ಸಂಚಿಕಿ, ಅವರ ಬಾವಿಗೆ ಮಣ್ಣು! ನಾಚಿಕಿ ಬರಬೇಕ್ರಿ,” ಎಂದೆ.

“ಮೇಲಿನವರ ತೀರ್ಮಾನ ಮೇಡಂ. ನಾವು ವಿಧೇಯತೆಯ ವ್ರತ ತೊಟ್ಟವರು.”

ಆಗ ಕೆಡವದೆ ಬಿಟ್ಟಿದ್ದ ಹಿಂದಿನ ಕೋಣೆಯಿಂದ ಸಿಸ್ಟರ್ ಲೂಸಿ ಹೊರಬಂದರು. ಮೇಲಿನವರಿಗೆ ಅವರು ಒಂದು ದಿನವೂ ಎದುರಾಡಿದ್ದನ್ನು ನಾನು ಕಂಡಿಲ್ಲ. ಯಾರನ್ನೂ ನೋಡದೆ ಬಾವಿಕಟ್ಟೆಗೆ ಹೋಗಿ, ಒಳಗಿನ ಹಗ್ಗಕ್ಕೆ ಬಿಂದಿಗೆ ಕಟ್ಟಿ ಇಳಿಬಿಟ್ಟರು. ಸೇದಿದ ನೀರನ್ನು ಕಮಾನಿನ ಸಂದಿಯಿಂದ ಆಚೆಯವರ ಕೊಡಕ್ಕೆ ಸುರಿದರು. ಮತ್ತೆ ಇಳಿಬಿಟ್ಟರು. ಆಚೆಯಿಂದ ಯಲ್ಲವ್ವನೂ ಕೊಡ ಬಿಟ್ಟಳು. ಮನುಷ್ಯರು ಬಗ್ಗಿ ನಿಂತ ಬಾವಿಗೆ ಮಣ್ಣು ನೂಕಲು ಡ್ರೈವರನಿಗೆ ಕೈ ಬರಲಿಲ್ಲ. ಎಂಜಿನ್ ಬಂದ್ ಮಾಡಿ ಕೆಳಗಿಳಿದ.

ಮದರ್ ಮುಖ ಕೆಂಪಾಯಿತು. “ಸಿಸ್ಟರ್, ನಾಳೆ ಬೆಳಿಗ್ಗೆಯೇ ನಿಮ್ಮನ್ನು ವಯಸ್ಸಾದ ಸಿಸ್ಟರುಗಳ ಆಶ್ರಮಕ್ಕೆ ಕಳಿಸುತ್ತೇನೆ. ಇದು ನನ್ನ ಆಜ್ಞೆ.”

“ಆಗ್ಲಿ ಮದರ್, ನಾಳಿ ಹೋಗ್ತೇನಿ,” ಎಂದರು ಸಿಸ್ಟರ್ ಹಗ್ಗ ಬಿಡದೆ. “ಇವತ್ತ ನೀರು ಸೇದ್ತೇನಿ.”

ಬಾದಾಮಿಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಬಾರಿಸಿ ಹೋಯಿತು. ನಾನು ಹತ್ತಲಿಲ್ಲ. ಇದನ್ನು ಯಲ್ಲವ್ವನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ಒಳಗಿನ ಹಗ್ಗ ಹಿಡಿಯಲು ಯಾರಾದರೂ ಬೇಕಲ್ಲ.